ಅತ್ತೆ ನನ್ನನ್ನು ಹೊಗಳಿದ ವಾರ

ಮಾಳಿಗೆಯ ಮೇಲೆ ಸಂಡಿಗೆ ಹಾಕುತ್ತಿದ್ದೆ. ಬಿಸಿಲು ಏರುವ ಮೊದಲೇ ಅಕ್ಕಿ ಹಿಟ್ಟಿನ ಗಂಜಿ ಕುದಿಸಿ, ಉಪ್ಪು, ಜೀರಿಗೆ, ಅರೆದ ಹಸಿಮೆಣಸಿನಕಾಯಿ ಹಾಕಿ, ಪಾತ್ರೆಯನ್ನು ಸೊಂಟದ ಮೇಲಿಟ್ಟುಕೊಂಡು ಮೆಟ್ಟಿಲು ಹತ್ತಿದ್ದೆ. ಹಳೆಯ ಧೋತರ ಹಾಸಿ, ನಾಲ್ಕು ಮೂಲೆಗೂ ಕಲ್ಲಿಟ್ಟು, ಚಮಚೆಯಿಂದ ಸಾಲಾಗಿ ಬಿಡುತ್ತ ಆರನೆಯ ಸಾಲು ಮುಗಿಸಿದ್ದೆ. ಆಗ ಗೋಡೆಯ ಮೇಲಿಟ್ಟಿದ್ದ ಫೋನು ಹೊಡೆದುಕೊಳ್ಳತೊಡಗಿತು.

ಎರಡೂ ಕೈ ಗಂಜಿ. ಪಕ್ಕದ ಮನೆಯ ಮಾಳಿಗೆಗೂ ನಮ್ಮದಕ್ಕೂ ನಡುವೆ ಇರುವುದು ಮೊಳಕಾಲೆತ್ತರದ ಗೋಡೆ ಮಾತ್ರ. ಅಲ್ಲಿ ಬಟ್ಟೆ ಒಣಹಾಕುತ್ತಿದ್ದ ನೆರೆಮನೆಯ ಸಾಬರ ಸೊಸೆ ಒಂದು ಕಾಲು ಎತ್ತಿಟ್ಟು ಈಚೆ ಬಂದು, ಫೋನನ್ನು ನನ್ನ ಕಿವಿಗೆ ಹಿಡಿದು, ತನ್ನ ಕಿವಿಯನ್ನೂ ಅದರ ಹತ್ತಿರ ತಂದಳು. ಮಸ್ಕಿಯ ನಮ್ಮ ಓಣಿಯಲ್ಲಿ ಸುದ್ದಿ ಬರುವುದೇ ಹೀಗೆ, ಇಬ್ಬಿಬ್ಬರಿಗೆ.

"ಅಕ್ಕಾರ, ಅಮ್ಮಾರ ರಿಪೋರ್ಟ್ ಬಂದೈತ್ರಿ." ಸಿಂಧನೂರಿನ ದವಾಖಾನೆಯ ಹುಡುಗಿ. ವಯಸ್ಸಾದವರ ಮರೆವಿನ ಮೇಲೆ ಸಂಶೋಧನೆ ಮಾಡುವ ತಂಡದಾಕೆ. "ಮೂತ್ರದಾಗ ಸೋಂಕೈತಿ. ಈಗ ಕೊಡಾಕತ್ತಿದ್ದ ಗುಳಿಗಿ ಆ ಸೋಂಕಿಗೆ ನಾಟಾಕತ್ತಿಲ್ಲ. ನಾಟೂ ಔಷಧ ಒಂದು ಸಿಕ್ಕೈತ್ರಿ, ಸೂಜಿ ಮಾಡಿ ಕೊಡಬೇಕು. ಇವತ್ತ ಕರ್ಕೊಂಡು ಬರ್ರಿ."

"ಹಂಗಾದ್ರ ತಲಿ ಕೆಟ್ಟಿಲ್ಲೇನವ್ವಾ?"

"ಅದನ್ನ ಈಗ ಹೇಳಾಕ ಬರೂದಿಲ್ರಿ. ಮೊದಲ ಸೋಂಕು ಇಳೀಲಿ. ಮತ್ತ ಅಕ್ಕಾರ, ಮನ್ಯಾಗಿರೂ ಗುಳಿಗಿ ಎಲ್ಲಾ ತರ್ರಿ. ಹಳೇವು, ಹೊಸಾವು, ಅರ್ಧ ಹರದಾವು, ಒಂದೂ ಬಿಡಬ್ಯಾಡ್ರಿ. ಡಾಕ್ಟರ್ ಮೇಡಂ ನೋಡಬೇಕಂತ."

ಮೊದಲ ಮಾತಿಗೆ ಹಗುರಾದವಳು ಕೊನೆಯ ಮಾತಿಗೆ ಚಮಚೆಯನ್ನು ಪಾತ್ರೆಯಲ್ಲೇ ಬಿಟ್ಟೆ. ಮನೆಯಲ್ಲಿದ್ದ ಗುಳಿಗೆಗಳ ವಿಷಯ ನನಗೊಬ್ಬಳಿಗೇ ಗೊತ್ತು.

ನಡೆದದ್ದನ್ನು ಸ್ವಲ್ಪ ಹಿಂದಿನಿಂದ ಹೇಳಬೇಕು.

ನಾನು ಈ ಮನೆಗೆ ಸೊಸೆಯಾಗಿ ಬಂದು ಇಪ್ಪತ್ತಾರು ವರ್ಷ. ಅಷ್ಟು ವರ್ಷದಲ್ಲಿ ಅತ್ತೆ ನನ್ನ ಅಡುಗೆಗೆ ಹೆಸರಿಟ್ಟರೇ, ಅಂದರೆ ಹುಳುಕು ತೆಗೆದರೇ ಹೊರತು, ಒಂದು ದಿನವೂ ಹೊಗಳಿದವರಲ್ಲ. ರೊಟ್ಟಿ ತೆಳ್ಳಗಾದರೆ, "ಗಾಳಿಗಿ ಹಾರಿ ಹೋದೀತು, ಮ್ಯಾಲೊಂದು ಕಲ್ಲಿಡ ಬೇ" ಎನ್ನುವರು. ದಪ್ಪಗಾದರೆ, "ಇದನ್ನ ಬಾಗಲ ಮುಂದ ಹಾಕು, ಬಂದವರು ಕಾಲು ಒರಸಿಕೊಳ್ಳಲಿ" ಎನ್ನುವರು. ನಾನೂ ಸುಮ್ಮನಿರುವವಳಲ್ಲ. "ಹಂಗಾದ್ರ ನಾಳಿಂದ ನೀವ ಬಡೀರಿ ಅತ್ತಿ, ನಾ ಕುಂತು ಹೆಸರಿಡತೀನಿ" ಎನ್ನುತ್ತಿದ್ದೆ. "ಹೆಸರಿಡಾಕೂ ಕೈ ಪಳಗಬೇಕು ಬೇ, ನಿನಗಿನ್ನಾ ವಯಸ್ಸಾಗಿಲ್ಲ" ಎಂದು ಅವರು ಇನ್ನೊಂದು ರೊಟ್ಟಿ ಹಾಕಿಸಿಕೊಳ್ಳುವರು. ಹೀಗೇ ನಮ್ಮ ಸಂಸಾರ ಚೆನ್ನಾಗಿ ನಡೆದಿತ್ತು.

ಆ ಮಂಗಳವಾರ ಮಧ್ಯಾಹ್ನ ಪುಂಡಿಪಲ್ಯ ಮಾಡಿದ್ದೆ. ಅತ್ತೆ ಎರಡು ತುತ್ತು ಉಂಡು ತಲೆ ಎತ್ತಿ, "ಭಾಳ ಚಲೋ ಆಗೈತ್ರಿ ಪಲ್ಯ" ಎಂದರು.

ನಮ್ಮ ಯಜಮಾನರು ನಕ್ಕರು. ನಾನೂ ನಕ್ಕೆ. ಹೊಸ ಬಗೆಯ ಕುಹಕ ಎಂದುಕೊಂಡೆವು. ಆದರೆ ಅತ್ತೆ ನಗಲಿಲ್ಲ. "ಯಾರ ಮನಿಯವರ್ರೀ ನೀವು? ನಿಮ್ಮತ್ತಿ ಪುಣ್ಯಾ ಮಾಡ್ಯಾಳ, ಇಂಥಾ ಸೊಸಿ ಸಿಕ್ಕೀರಿ" ಎಂದು ಕೈ ತೊಳೆಯಲು ಎದ್ದರು. 

ಮರುದಿನ ನಡುಹಗಲಲ್ಲಿ ಕೈಚೀಲಕ್ಕೆ ಒಂದು ಸೀರೆ ತುರುಕಿಕೊಂಡು ಬಸ್‌ಸ್ಟ್ಯಾಂಡಿನವರೆಗೆ ಹೋಗಿಬಿಟ್ಟಿದ್ದರು. ತವರೂರು ಗುರುಗುಂಟಾಕ್ಕೆ ಹೊರಟಿದ್ದಂತೆ. "ಅಪ್ಪ ದಾರಿ ನೋಡಾಕತ್ತಿರತಾನ, ಎತ್ತಿಗೆ ನೀರು ಕುಡಿಸೂದೈತಿ." ಆ ಅಪ್ಪ ತೀರಿಕೊಂಡದ್ದು ನನ್ನ ಮದುವೆಗೂ ಮೊದಲು. ಪಾನ್ ಅಂಗಡಿಯವನು ಗುರುತು ಹಿಡಿದು ಕರೆತಂದ. ಅತ್ತೆ ಅವನಿಗೂ ಕೈಮುಗಿದು, "ನಿಮ್ಮಂಥಾವ್ರು ಇರೂದಕ್ಕ ಮಳಿ ಬೆಳಿ ಆಕ್ಕಾವು" ಎಂದರು. ಅವನು ಹೆದರಿಹೋದ. ವರ್ಷಗಟ್ಟಲೆ ಅವರಿಂದ ಬೈಸಿಕೊಂಡೇ ಎಲೆ ಅಡಿಕೆ ಕೊಟ್ಟವನು.

ಸುದ್ದಿ ಕೇಳಿ ಲಿಂಗಸುಗೂರಿನಿಂದ ನಾದಿನಿ ಬಂದಳು. ತಾಯಿಯ ಮೇಲೆ ಅವಳಿಗೆ ಜೀವ. ಆದರೆ ಯಾವುದನ್ನೂ ಬೇಗ ತೀರ್ಮಾನಿಸಿಬಿಡುವ ಸ್ವಭಾವ. ತಾಯಿ ಅವಳನ್ನೂ "ಕೂಡ್ರಿ, ಚಾ ಕುಡೀರಿ" ಎಂದದ್ದೇ ತಡ, ಅಡುಗೆಮನೆಗೆ ಬಂದು ಕಣ್ಣೊರೆಸಿಕೊಂಡಳು.

"ಮುಗೀತು ವೈನಿ. ಅರಳು ಮರಳು ಹತ್ತಿತು. ನಮ್ಮತ್ತಿಗೂ ಹಿಂಗ ಆಗಿತ್ತು, ಮತ್ತ ತಿರುಗಿ ಬರಲೇ ಇಲ್ಲ. ನಿಮ್ಮ ಮನಿ ಬಾಗಲ ಬಜಾರಕ್ಕ ತೆರಕೊಂಡೈತಿ. ನಮ್ಮ ಮನಿಗಿ ಗೇಟ್ ಐತಿ, ಗೇಟಿಗೆ ಬೀಗ ಐತಿ. ಅಮಾವಾಸಿ ಮುಗೀಲಿ, ನಾ ಕರ್ಕೊಂಡು ಹೋಗತೀನಿ."

"ಬೀಗ ಹಾಕಿ ಇಡತೀಯೇನ ಅವರನ್ನ?"

"ಮತ್ತೇನು, ಲಾರಿ ಕೆಳಗ ಹೋಗಲಿ ಅಂತೀರಾ?"

ಅವಳ ಹೆದರಿಕೆಯೂ ಸುಳ್ಳಲ್ಲ. ಆದರೆ ಬಜಾರಿನ ಅರ್ಧ ಜನರನ್ನು ಹೆಸರು ಹಿಡಿದು ಕರೆದು ಬೈದು ಮಾತಾಡಿಸುವ ಹೆಣ್ಣುಮಗಳು ಬೀಗ ಹಾಕಿದ ಗೇಟಿನ ಒಳಗೆ ಕೂತು ಹೋಗಿಬರುವವರಿಗೆ ಕೈಮುಗಿಯುವುದನ್ನು ನನ್ನಿಂದ ನೆನೆಯಲಾಗಲಿಲ್ಲ. ಗುಡ್ಡದ ಮಲ್ಲಯ್ಯನಿಗೆ ಹರಕೆ ಹೊತ್ತೆ. ಗುರುಗುಂಟಾದಿಂದ ಒಂದು ತಾಯಿತ ತರಿಸಿ ಕಟ್ಟಿದೆ. ಅದಕ್ಕೆ ಯಾರೂ ನಗಬೇಕಾಗಿಲ್ಲ. ಆ ತಾಯಿತ ಇವತ್ತಿಗೂ ಅವರ ತೋಳಿನಲ್ಲಿದೆ, ಸೂಜಿಗೆ ಅದೇನೂ ಅಡ್ಡ ಬರಲಿಲ್ಲ. ಆಮೇಲೆ ಅಡುಗೆಮನೆಯ ಕ್ಯಾಲೆಂಡರಿನ ಅಂಚಿನಲ್ಲಿ, ಸಿಲಿಂಡರ್ ಬಂದ ತಾರೀಖಿನ ಪಕ್ಕ, ದವಾಖಾನೆಯ ಆ ಹುಡುಗಿ ಹಿಂದಿನ ವರ್ಷ ಬರೆದಿಟ್ಟು ಹೋದ ನಂಬರು ಕಣ್ಣಿಗೆ ಬಿತ್ತು. ಹಳೆಯ ಕ್ಯಾಲೆಂಡರನ್ನು ನಾನು ಎಸೆದಿರಲಿಲ್ಲ. ದಿನಾ ದೀಪ ಹಚ್ಚುವಾಗ ದೇವರು ಕೊಟ್ಟ ಸಣ್ಣಪುಟ್ಟ ಉಪಕಾರಗಳನ್ನು ಎಣಿಸುವ ಅಭ್ಯಾಸ ನನಗೆ. ಆ ದಿನದ ಲೆಕ್ಕದಲ್ಲಿ ಇದೊಂದೇ ಇತ್ತು.

ಆ ಹುಡುಗಿ ಹಿಂದಿನ ವರ್ಷ ಬಂದದ್ದು ನಮ್ಮ ಓಣಿಯ ಅರವತ್ತು ದಾಟಿದವರನ್ನು ನೋಡಲು. ಸ್ಕೂಟಿಯ ಮೇಲೆ ಒಂದು ಪೆಟ್ಟಿಗೆ, ಕೊರಳಲ್ಲಿ ಗುರುತಿನ ಚೀಟಿ. ವಯಸ್ಸಾದಂತೆ ಕೆಲವರಿಗೆ ಯಾಕೆ ಮರೆವು ಬರುತ್ತದೆ, ಕೆಲವರಿಗೆ ಯಾಕೆ ಬರುವುದಿಲ್ಲ, ನಡುವೆ ಬರುವ ಜ್ವರ, ಸೋಂಕುಗಳು ತಲೆಗೆ ಏನು ಮಾಡುತ್ತವೆ ಎಂದು ವರ್ಷವರ್ಷ ಬಂದು ಬರೆದುಕೊಳ್ಳುತ್ತಾರಂತೆ. ಮೊದಲು ನಾಲ್ಕು ಹಾಳೆಯ ಒಪ್ಪಿಗೆ ಪತ್ರ ಓದತೊಡಗಿದಳು.

"ಇಷ್ಟೆಲ್ಲಾ ಯಾಕ ಓದತೀ ಯವ್ವಾ, ಹೆಬ್ಬಟ್ಟು ಒತ್ತಿಸಿಕೊಂಡು ಬಿಡು" ಎಂದರು ಅತ್ತೆ.

"ಇಲ್ರೀ ಅಮ್ಮಾರ, ಪೂರಾ ಕೇಳಿದ ಮ್ಯಾಲನ ಒತ್ತಬೇಕು. ನಡುವ ಬ್ಯಾಡ ಅನಿಸಿದ್ರ ಯಾವಾಗ ಬೇಕಾದ್ರೂ ಬಿಡಬಹುದು."

"ನನ್ನ ಮದುವ್ಯಾಗ ಯಾರೂ ಹಿಂಗ ಕೇಳಲಿಲ್ಲ ನೋಡು."

ಕೈಯ ಬಲ ಅಳೆಯಲು ಒಂದು ಹಿಡಿಕೆ ಕೊಟ್ಟು ಹಿಂಡಿರಿ ಎಂದಳು. "ಸೊಸಿ ಕುತ್ತಿಗಿ ಅಂತ ತಿಳಕೊಂಡು ಹಿಂಡಲೇನು?" ಎಂದು ಅತ್ತೆ ಹಲ್ಲು ಕಚ್ಚಿ ಹಿಂಡಿದರು. ಮುಳ್ಳು ಎಷ್ಟಕ್ಕೆ ಹೋಯಿತೋ, ಹುಡುಗಿ ನನ್ನ ಮುಖ ನೋಡಿ ನಗು ತಡೆದುಕೊಂಡಳು. ಇವತ್ತು ಯಾವ ದಿನ ಎಂದು ಕೇಳಿದರೆ ಅತ್ತೆ ತಾರೀಖು ಹೇಳಲಿಲ್ಲ, ತಿಥಿ ಹೇಳಿದರು. ಹುಡುಗಿ ಗೋಡೆಯ ಕ್ಯಾಲೆಂಡರಿನ ಹತ್ತಿರ ಹೋಗಿ, ಸಣ್ಣಕ್ಷರ ಓದಿ, ಸರಿ ಎಂದು ಬರೆದುಕೊಂಡಳು. ಮೂರು ಮಾತು ಹೇಳಿ ನೆನಪಿಟ್ಟುಕೊಳ್ಳಿರಿ ಎಂದಳು. ಗಡಿಗೆ, ಹಗ್ಗ, ಬೇವಿನ ಗಿಡ. ಮೂರನ್ನೂ ಹೇಳಿದ್ದಲ್ಲದೆ ಅತ್ತೆ, "ಹಗ್ಗ ಗಡಿಗಿಗಿ ಕಟ್ಟಿದ್ರ ಬಾವಿ ಎಲ್ಲೈತಿ?" ಎಂದು ತಿರುಗಿ ಅವಳನ್ನೇ ಕೇಳಿದರು. ಹೋಗುವಾಗ ಹುಡುಗಿ, "ಏನರ ಒಮ್ಮಿಂದೊಮ್ಮೆಲೆ ಬದಲಾತು ಅಂದ್ರ ಫೋನ್ ಮಾಡ್ರಿ" ಎಂದು ಆ ನಂಬರು ಬರೆದಿಟ್ಟಿದ್ದಳು.

ಈಗ ನಾನು ಆ ನಂಬರಿಗೆ ಫೋನು ಮಾಡಿದ ಮರುದಿನವೇ ಬಂದಳು. ಅತ್ತೆ ಅವಳಿಗೂ ಕೈಮುಗಿದರು.

"ಯಾವಾಗಿಂದ ಹಿಂಗ ಅಕ್ಕಾರ?"

"ಮಂಗಳವಾರ ಮಧ್ಯಾಹ್ನದಿಂದ. ಪುಂಡಿಪಲ್ಯ ಮಾಡಿದ್ದೆ."

ಹುಡುಗಿ ಬರೆಯುವುದನ್ನು ನಿಲ್ಲಿಸಿದಳು. "ದಿನಾ, ಹೊತ್ತು, ಪಲ್ಯ ಎಲ್ಲಾ ಹೇಳಿಬಿಟ್ರಲ್ಲ. ಮರೆವಿನ ರೋಗ ಹಂಗ ಬರೂದಿಲ್ರಿ. ಅದು ಮನಿಗಿ ಇಲಿ ಸೇರಿದಂಗ, ಯಾವತ್ತು ಬಂತು ಅಂತ ಯಾರಿಗೂ ಗೊತ್ತಾಗೂದಿಲ್ಲ. ಹಿಂಗ ದಿನಾ ತಿಳಿದು ಬಂದದ್ದು ಬ್ಯಾರೇನ ಇರತೈತಿ. ಮೂತ್ರಕ್ಕ ಮ್ಯಾಲಿಂದ ಮ್ಯಾಲ ಹೋಗತಾರೇನು?"

ಹೋಗುತ್ತಿದ್ದರು. ಉರಿಯೂ ಇತ್ತು. ಅತ್ತೆ ಬಾಯಿಬಿಟ್ಟು ಹೇಳುವವರಲ್ಲ, ಆದರೆ ಬಚ್ಚಲಿನಿಂದ ಬಂದಾಗ ಮುಖ ನೋಡಿದರೆ ನನಗೆ ಗೊತ್ತಾಗುತ್ತದೆ.

"ಅದಕ್ಕೇನರ ಗುಳಿಗಿ ಕೊಟ್ಟಿದ್ರೇನು?"

"ಏನಿಲ್ಲವ್ವಾ, ಮನ್ಯಾಗಿನದು ಒಂದೆರಡು."

ಒಂದೆರಡು ಎಂದೇ ಅವಳು ಬರೆದುಕೊಂಡಳು. ಹೇಳುವಾಗ ಅದು ಸುಳ್ಳು ಎಂದು ನನಗೂ ಅನಿಸಲಿಲ್ಲ. ಅವಳು ಡಾಕ್ಟರ ಜೊತೆ ಮಾತಾಡಿದಳು. ಅವರು ಹೇಳಿದಂತೆ ಸಿಂಧನೂರಿಗೆ ಕರೆದೊಯ್ದು ತೋರಿಸಿ, ಮೂತ್ರ ಕೊಟ್ಟು ಬಂದೆವು. ಅದರಲ್ಲಿರುವ ಸೋಂಕನ್ನು ಬಟ್ಟಲಿನಲ್ಲಿ ಬೆಳೆಸಿ, ಯಾವ ಔಷಧಕ್ಕೆ ಸಾಯುತ್ತದೆ ಎಂದು ಒಂದೊಂದನ್ನೇ ಹಚ್ಚಿ ನೋಡುತ್ತಾರಂತೆ. ಅದಕ್ಕೆ ಎರಡು ಮೂರು ದಿನ ಬೇಕು. ಅಲ್ಲಿಯವರೆಗೆ ನುಂಗಲು ಒಂದು ಗುಳಿಗೆ ಬರೆದುಕೊಟ್ಟರು. ಉದ್ದನೆಯ ಬಿಳಿ ಗುಳಿಗೆ. ಅದನ್ನು ನೋಡಿದ ಕೂಡಲೇ ನನಗೆ ಗುರುತು ಸಿಕ್ಕಿತು, ಆದರೂ ಸುಮ್ಮನಿದ್ದೆ. ಮೂರು ದಿನ ನುಂಗಿಸಿದರೂ ಅತ್ತೆ ನನ್ನನ್ನು ಹೊಗಳುವುದು ನಿಲ್ಲಲಿಲ್ಲ. ಮೂರನೆಯ ದಿನ ಮನಸ್ಸಿಗೆ ಬೇರೆ ಕೆಲಸ ಕೊಡೋಣವೆಂದು ಸಂಡಿಗೆಗೆ ಕೈ ಹಚ್ಚಿದೆ. ಆಗಲೇ ಫೋನು ಬಂದದ್ದು.

"ನೀ ಹೋಗಕ್ಕಾ, ಉಳದ ಗಂಜಿ ನಾ ಹಾಕತೀನಿ" ಎಂದಳು ನೆರೆಮನೆಯಾಕೆ. ಆಮೇಲೆ ದನಿ ತಗ್ಗಿಸಿ, "ಡಬ್ಬಿ ಒಯ್ಯತೀಯೇನು?" ಎಂದು ಕೇಳಿದಳು.

ನನಗೊಬ್ಬಳಿಗೇ ಗೊತ್ತು ಎಂದೆನಲ್ಲ, ಅದು ಪೂರ್ತಿ ನಿಜವಲ್ಲ. ಓಣಿಗೆಲ್ಲ ಗೊತ್ತಿತ್ತು, ನಮ್ಮ ಯಜಮಾನರಿಗೆ ಮಾತ್ರ ಗೊತ್ತಿರಲಿಲ್ಲ.

ದೇವರ ಮನೆಯ ಕೆಳಗಿನ ಹಲಗೆಯ ಮೇಲೆ, ವಿಭೂತಿಯ ಪಕ್ಕ, ಒಂದು ನೀಲಿ ಬಿಸ್ಕೀಟಿನ ಡಬ್ಬಿ. ಯಾರಿಗೆ ಯಾವ ಜಡ್ಡು ಬಂದರೂ, ವಾಸಿಯಾದ ಮೇಲೆ ಉಳಿದ ಗುಳಿಗೆಗಳು ಅದಕ್ಕೆ ಬೀಳುತ್ತಿದ್ದವು. ಅನ್ನದ ಅಗುಳನ್ನೇ ಚೆಲ್ಲದ ಮನೆಯಲ್ಲಿ ಔಷಧ ಚೆಲ್ಲುವುದುಂಟೆ? ಅದೂ ದೇವರು ಉಳಿಸಿಕೊಟ್ಟದ್ದೇ ಎಂದು ಕಣ್ಣಿಗೊತ್ತಿಕೊಂಡು ಹಾಕುತ್ತಿದ್ದೆ. ಹಳದಿಯದು ಕೆಮ್ಮು ಕಫಕ್ಕೆ, ಕೆಂಪು ಕ್ಯಾಪ್ಸೂಲು ಕುರುವಿಗೆ, ಉದ್ದನೆಯ ಬಿಳಿಯದು ಉರಿಮೂತ್ರಕ್ಕೆ. ಓಣಿಯ ಹೆಣ್ಣುಮಕ್ಕಳು ಸಕ್ಕರೆ ಕೇಳಲು ಬಂದಂತೆ ಬಂದು ಕೇಳಿ ಒಯ್ಯುತ್ತಿದ್ದರು. ಒಬ್ಬರ ಮನೆಯ ಉಳಿದದ್ದು ಇನ್ನೊಬ್ಬರ ಜ್ವರಕ್ಕೆ ಆಯಿತಲ್ಲ ಎಂದು ಅದನ್ನೂ ನನ್ನ ಉಪಕಾರಗಳ ಎಣಿಕೆಯಲ್ಲಿ ಸೇರಿಸಿಕೊಳ್ಳುತ್ತಿದ್ದೆ.

ಬಸ್ಸಿನಲ್ಲಿ ಡಬ್ಬಿಯನ್ನು ಕೈಚೀಲದಲ್ಲಿಟ್ಟು ತೊಡೆಯ ಮೇಲೆ ಹಿಡಿದು ಕೂತೆ. ಬಸ್ಸು ಕುಲುಕಿದಾಗಲೆಲ್ಲ ಅದು ಗಿಲಕಿಯಂತೆ ಸದ್ದು ಮಾಡುತ್ತಿತ್ತು. ನಮ್ಮವರು, ಅಂಗಡಿ ಮುಚ್ಚಿ ಬಂದವರು, "ಏನದು?" ಎಂದರು. "ಮೇಡಂ ತಾ ಅಂದಾರ" ಎಂದೆ. ಅತ್ತೆ ಕಿಟಕಿಯ ಪಕ್ಕ ಕೂತು, ಕಂಡಕ್ಟರಿಗೆ ಬಸ್ಸನ್ನು ಬಹಳ ಚೆನ್ನಾಗಿ ಇಟ್ಟುಕೊಂಡಿದ್ದೀರಿ ಎಂದರು. ಕಾಲುವೆ ಬಂದು ಎರಡೂ ಕಡೆ ಭತ್ತದ ಗದ್ದೆಯ ಹಸಿರು ಕಾಣತೊಡಗಿದಾಗ, "ಯಾವೂರ್ರೀ ಇದು, ಚಂದೈತಿ" ಎಂದು ನನ್ನನ್ನು ಕೇಳಿದರು. ಆ ದಾರಿಯಲ್ಲಿ ಅವರು ಎಷ್ಟು ಸಲ ಓಡಾಡಿದವರೋ.

ಡಾಕ್ಟರು ನನ್ನ ವಯಸ್ಸಿನ ಹೆಣ್ಣುಮಗಳು. ಮೊದಲು ಅತ್ತೆಯನ್ನು ಮಲಗಿಸಿ, ಕೈಗೆ ಸಲಾಯಿನ್ ಹಚ್ಚಿ, ಸೂಜಿ ಶುರು ಮಾಡಿಸಿದರು. ಆಮೇಲೆ ನನ್ನ ಡಬ್ಬಿಯನ್ನು ಮೇಜಿನ ಮೇಲೆ ಸುರುವಿಕೊಂಡು, ಅಕ್ಕಿಯಲ್ಲಿ ಕಲ್ಲು ಆರಿಸುವಂತೆ ಬೆರಳಿನಿಂದ ಬೇರೆ ಬೇರೆ ಮಾಡಿದರು. ಬಿಳಿಯ ಗುಳಿಗೆ ಎತ್ತಿ ಹಿಡಿದು ಕೇಳಿದರು.

"ಇದನ್ನ ಅಜ್ಜಿಗೆ ಕೊಟ್ಟಿದ್ರೇನು?"

ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ಅವರ ಹಿಂದಿನ ಗೋಡೆಯಲ್ಲಿ ಒಂದು ದೇವರ ಪಟವೂ ಇತ್ತು. "ಕೊಟ್ಟೀನ್ರಿ. ಎರಡು ವರ್ಷದಾಗ ನಾಕೈದು ಸರ್ತಿ."

"ಪ್ರತಿ ಸರ್ತಿ ಎಷ್ಟು ದಿನ?"

"ಚೀಟ್ಯಾಗ ಐದು ದಿನ ಇತ್ರಿ. ಎರಡು ದಿನಾ, ಮೂರು ದಿನಾ ಕೊಡತಿದ್ದೆ."

"ಯಾಕ ನಿಲ್ಲಿಸಿದ್ರಿ?"

"ಸೋಮವಾರ ಬಂತ್ರಿ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಪ್ರತಿ ಸರ್ತೀನೂ ಸೋಮವಾರ ಬಂತಾ?"

"ವಾರಕ್ಕೊಮ್ಮಿ ಬರತೈತಲ್ರೀ ಮೇಡಂ. ಅತ್ತಿದು ಸೋಮವಾರ ಉಪಾಸ. ಅಮಾವಾಸಿ, ಏಕಾದಶಿ ಬ್ಯಾರೆ. ಚೀಟ್ಯಾಗ ಊಟ ಆದ ಮ್ಯಾಲ ಅಂತಿತ್ತು. ಅವತ್ತು ಊಟಾನ ಮಾಡೂದಿಲ್ಲ."

"ಏನೂ ತಿನ್ನೂದಿಲ್ಲಾ?"

"ಹಾಲು, ಬಾಳಿಹಣ್ಣು ತಗೋತಾರ. ಬಾಳಿಹಣ್ಣು ಊಟ ಹೆಂಗಾಗತೈತ್ರಿ?"

ಮರುದಿನಕ್ಕೆ ಉರಿ ಕಡಿಮೆಯಾಗಿರುತ್ತಿತ್ತು. ಉರಿ ಹೋದ ಮೇಲೆ ಉಷ್ಣದ ಗುಳಿಗೆ ಯಾಕೆಂದು ಉಳಿದದ್ದನ್ನು ಡಬ್ಬಿಗೆ ಹಾಕುತ್ತಿದ್ದೆ. ಮತ್ತೆ ಉರಿ ಬಂದಾಗ ಡಬ್ಬಿಯಿಂದಲೇ ಶುರು. ಈ ಸಲ, ಆ ಮಂಗಳವಾರಕ್ಕೆ ಮೊದಲು, ಹಾಗೇ ಮೂರು ಕೊಟ್ಟಿದ್ದೆ. ಅದನ್ನೆಲ್ಲ ಹೇಳಿ ಮುಗಿಸುವ ಹೊತ್ತಿಗೆ ಡಾಕ್ಟರಿಗಿಂತ ಮೊದಲು ನಮ್ಮವರೇ ತಲೆಯ ಮೇಲೆ ಕೈಯಿಟ್ಟುಕೊಂಡರು. ಅವರದು ಬೀಜ ಮತ್ತು ಕೀಟನಾಶಕದ ಅಂಗಡಿ.

"ನಾ ದಿನಾ ಅಂಗಡ್ಯಾಗ ಕುಂತು ಹೊಯ್ಕೋತೀನಿ. ಹತ್ತಿಗಿ ಅರ್ಧಾ ಎಣ್ಣಿ ಹೊಡದು ಬಿಡಬ್ಯಾಡ್ರಿ, ಸಾಯೂ ಹುಳಾ ಸತ್ತು ಗಟ್ಟಿ ಹುಳಾ ಉಳಿತಾವ, ಮುಂದ ಅವುಕ್ಕ ಯಾವ ಎಣ್ಣಿನೂ ನಾಟೂದಿಲ್ಲ ಅಂತ. ನೀ ನನ್ನ ಅವ್ವನ ಹೊಟ್ಯಾಗ ಅದನ್ನ ಮಾಡೀ ಏನು?"

ನಮ್ಮ ಕಡೆ ಬೆಳೆಗೆ ಹೊಡೆಯುವ ಔಷಧಕ್ಕೆ ಎಣ್ಣೆ ಎನ್ನುತ್ತಾರೆ. ಆ ಮಾತನ್ನು ನಾನು ಅವರ ಬಾಯಲ್ಲಿ ನೂರು ಸಲ ಕೇಳಿದ್ದೆ. ಅದು ಮನೆಯೊಳಗಿನ ಮಾತೂ ಹೌದು ಎಂದು ಹೊಳೆದಿರಲಿಲ್ಲ.

ಡಾಕ್ಟರು ನಕ್ಕರು, ನನ್ನನ್ನು ನೋಡಿ ಅಲ್ಲ, ಅವರನ್ನು ನೋಡಿ. "ಇದನ್ನ ನಾನು ಇಷ್ಟು ಚಲೋ ಹೇಳಾಕ ಬರತಿರಲಿಲ್ಲ. ಇನ್ನ ಮುಂದ ಹತ್ತಿ ಹುಳಾನ ಹೇಳತೀನಿ." ಆಮೇಲೆ ನನ್ನ ಕಡೆ ತಿರುಗಿದರು. "ಎಲ್ಲಾ ನಿಮ್ಮ ಡಬ್ಬಿ ಮ್ಯಾಲ ಹಾಕ್ಕೋಬ್ಯಾಡ್ರಿ. ಇಂಥಾ ಗಟ್ಟಿ ಸೋಂಕು ಈಗ ಎಲ್ಲಾ ಕಡೆ ಅದಾವ, ದವಾಖಾನ್ಯಾಗೂ ಅದಾವ. ಎಲ್ಲರ ಮನ್ಯಾಗೂ ಇಂಥಾದೊಂದು ಡಬ್ಬಿ ಇರತೈತಿ. ತಂದು ಸುರುವಿದಾಕಿ ನೀವೊಬ್ಬರ." ಮನೆಗಳಲ್ಲಿ ಉಳಿಯುವ ಗುಳಿಗೆಗಳ ಲೆಕ್ಕವನ್ನೂ ಅವರು ಸಂಶೋಧನೆಗೆ ಬರೆದುಕೊಳ್ಳುತ್ತಿದ್ದರು. ನನಗೂ ಒಂದು ಒಪ್ಪಿಗೆ ಪತ್ರ ಓದಿ ಹೇಳಿ ಸಹಿ ಹಾಕಿಸಿಕೊಂಡು, ಗುಳಿಗೆ ಇಟ್ಟುಕೊಂಡು ಡಬ್ಬಿ ತಿರುಗಿ ಕೊಟ್ಟರು. ಬಾಗಿಲ ತನಕ ಹೋದವಳನ್ನು ಕರೆದು, "ಬಾಳಿಹಣ್ಣು ತಿಂದು ಗುಳಿಗಿ ನುಂಗಬಹುದಿತ್ರಿ. ಒಂದು ಮಾತು ಕೇಳಬೇಕಿತ್ತು" ಎಂದರು. ಕೇಳಬೇಕಿತ್ತು, ನಿಜ. ಅವರ ಮುಂದೆ ನಿಂತು ಬಾಳೆಹಣ್ಣಿನ ಮಾತಾಡುವುದೇ ಎಂದು ನನ್ನಂಥವರು ಕೇಳುವುದಿಲ್ಲ, ಅದೂ ನಿಜ.

ಏಳು ದಿನದ ಸೂಜಿ. ಮೊದಲ ಎರಡು ದಿನ ಏನೂ ಬದಲಾಗಲಿಲ್ಲ. ಅತ್ತೆ ನರ್ಸಮ್ಮನನ್ನು ಹೊಗಳಿದರು, ಪಕ್ಕದ ಮಂಚದ ಅಜ್ಜಿಯನ್ನು ಹೊಗಳಿದರು, ಕಸ ಗುಡಿಸುವಾಕೆಯ ಸೆರಗಿನ ಬಣ್ಣ ಹೊಗಳಿದರು. ಎಲ್ಲರಿಗೂ ಬಹಳ ಬೇಕಾದವರಾದರು. "ಎಂಥಾ ಸಮಾಧಾನದ ಜೀವ್ರೀ ನಿಮ್ಮತ್ತಿ" ಎಂದು ಯಾರಾದರೂ ಹೇಳಿದರೆ ನನಗೆ ಅಳು ಬರುತ್ತಿತ್ತು. ಮೂರನೆಯ ದಿನ, ಶನಿವಾರ, ಅಮಾವಾಸ್ಯೆ ಮುಗಿಸಿಕೊಂಡು ನಾದಿನಿ ಲಿಂಗಸುಗೂರಿನಿಂದ ನೆಟ್ಟಗೆ ದವಾಖಾನೆಗೇ ಬಂದಳು. ತಾಯಿಯ ನಾಲ್ಕು ಸೀರೆ ಮಡಚಿ ತುಂಬಲು ದೊಡ್ಡ ಬ್ಯಾಗು ತಂದಿದ್ದಳು. ಅದು ಮಂಚದ ಕೆಳಗೆ ಬಾಯಿ ತೆರೆದು ಕೂತಿತ್ತು. ಎದ್ದು ಕೂತರೆ ನನ್ನ ಕಾಲಿಗೆ ಅದೇ ತಾಗುತ್ತಿತ್ತು.

ಭಾನುವಾರ ಸಂಜೆ ಜೋಳದ ನುಚ್ಚಿಗೆ ಮಜ್ಜಿಗೆ ಕಲಸಿ ಬಟ್ಟಲು ಕೈಗೆ ಕೊಟ್ಟೆ. ಅತ್ತೆ ಒಂದು ತುತ್ತು ಬಾಯಿಗಿಟ್ಟು ಹಾಗೇ ಕೂತರು. ನುಂಗಲಿಲ್ಲ, ಉಗುಳಲಿಲ್ಲ. ನನ್ನನ್ನು ನೋಡಿದರು, ಬಟ್ಟಲನ್ನು ನೋಡಿದರು, ಮತ್ತೆ ನನ್ನನ್ನು ನೋಡಿದರು.

"ಉಪ್ಪು ತವರಮನ್ಯಾಗ ಇಟ್ಟು ಬಂದೀಯೇನ್ ಬೇ?"

ನಾನು ಎದ್ದು ಹೊರಗಿನ ನಲ್ಲಿಯ ಹತ್ತಿರ ಹೋಗಿ ಮುಖ ತೊಳೆದುಕೊಂಡೆ. ಒಳಗೆ ಅತ್ತೆ ನಾದಿನಿಗೆ ಹೇಳುತ್ತಿರುವುದು ಕೇಳಿಸಿತು, "ಎಲ್ಲಿಗಿ ಹೋದ್ಳಾಕಿ? ಉಪ್ಪು ತರಾಕ ತವರಮನಿಗೇ ಹೊಂಟ್ಲೇನು?"

ನಾದಿನಿ ಅಷ್ಟಕ್ಕೇ ನಂಬುವವಳಲ್ಲ. "ದೀಪ ಆರೂ ಮುಂದ ಹಿಂಗ ಒಮ್ಮಿ ಬೆಳಗತೈತಿ ವೈನಿ" ಎಂದಳು. ಮರುದಿನ ಬೆಳಿಗ್ಗೆ ನರ್ಸಮ್ಮ ಸೂಜಿ ಹಿಡಿದು ಬಂದಾಗ ಅತ್ತೆ ಕೈ ಹಿಂದಕ್ಕೆ ಎಳೆದುಕೊಂಡರು.

"ಇವತ್ತ ಬ್ಯಾಡವ್ವಾ. ಸೋಮವಾರ, ನನ್ನದು ಉಪಾಸ."

ಯಾರೂ ಹೇಳಿರಲಿಲ್ಲ. ಅಲ್ಲಿ ಕ್ಯಾಲೆಂಡರೂ ಇರಲಿಲ್ಲ. ಗುರುಗುಂಟಾ ಯಾವುದು, ಮಸ್ಕಿ ಯಾವುದು ತಿಳಿಯದೆ ಕೂತಿದ್ದವರು ವಾರವನ್ನು ತಾವೇ ಹುಡುಕಿ ಹಿಡಿದಿದ್ದರು. ನಾದಿನಿ ಬಾಯಿ ಮೇಲೆ ಕೈಯಿಟ್ಟುಕೊಂಡಳು. ನನಗೆ ನಗು, ಅಳು, ಹೆದರಿಕೆ ಮೂರೂ ಒಟ್ಟಿಗೆ ಬಂದವು. ಈ ಸೋಮವಾರವೇ ಅಲ್ಲವೇ ನಮ್ಮನ್ನು ಇಲ್ಲಿಗೆ ತಂದದ್ದು?

"ಸೂಜಿಗಿ ಊಟ ಬೇಕಾಗಿಲ್ಲ ಅತ್ತಿ. ಕೈ ಕೊಡ್ರಿ."

"ಉಪಾಸ ಕೆಡಸತೀ ಏನು? ಮಲ್ಲಯ್ಯ ಸುಮ್ನಿರತಾನ?"

"ಮಲ್ಲಯ್ಯನ ಕೂಡ ನಾ ಮಾತಾಡತೀನಿ. ಅವನ ಈ ಔಷಧ ಹುಡುಕಿಸಿ ಕೊಟ್ಟಾನ, ಅವನ ಬ್ಯಾಡ ಅಂತಾನೇನು?"

"ನಿನ್ನ ಮಾತು ಅವನಾದ್ರೂ ಕೇಳತಾನೋ ಇಲ್ಲೋ" ಎನ್ನುತ್ತ ಕೈ ಚಾಚಿದರು. ಏಳರಲ್ಲಿ ಒಂದೂ ತಪ್ಪಲಿಲ್ಲ. ಅವತ್ತೇ ನಾದಿನಿ ದೊಡ್ಡ ಬ್ಯಾಗನ್ನು ಮಡಚಿ ಬಗಲಿಗಿಟ್ಟುಕೊಂಡು ಲಿಂಗಸುಗೂರಿನ ಬಸ್ಸು ಹತ್ತಿದಳು. ಹತ್ತುವ ಮೊದಲು ತಾಯಿಯಿಂದ, "ಇಷ್ಟು ದೊಡ್ಡ ಚೀಲಾ ತಂದೀ, ಒಂದು ಹಣ್ಣು ತಂದಿಲ್ಲಲ್ಲೇ" ಎಂದು ಬೈಸಿಕೊಂಡು ತೃಪ್ತಿಪಟ್ಟಳು.

ಬಿಡುಗಡೆಯ ದಿನ ಆ ಹುಡುಗಿ ತನ್ನ ಪೆಟ್ಟಿಗೆ ತಂದು ಪರೀಕ್ಷೆ ಮಾಡಿದಳು. ಅತ್ತೆ ತಿಥಿ ಸರಿ ಹೇಳಿದರು. ಮೂರು ಮಾತಿನಲ್ಲಿ ಎರಡು ಹೇಳಿದರು. ಮೂರನೆಯದು ಎಷ್ಟು ಹೊತ್ತಾದರೂ ಬರಲಿಲ್ಲ. "ಅದು ನನ್ನ ನಾಲಿಗಿ ಕೆಳಗ ಕುಂತೈತಿ, ಎಬ್ಬಸಬ್ಯಾಡ" ಎಂದು ನಕ್ಕರು, ಆದರೆ ಆ ನಗು ಸ್ವಲ್ಪ ಸಣ್ಣದಿತ್ತು. ಹುಡುಗಿ ನನ್ನನ್ನು ಹೊರಗೆ ಕರೆದು ಇದ್ದದ್ದು ಇದ್ದಂತೆ ಹೇಳಿದಳು. ಒಮ್ಮೆಲೇ ಬಂದ ಗೊಂದಲ ಸೋಂಕಿನದು, ಅದು ಹೋಗಿದೆ. ಜಡ್ಡಿನಿಂದ ಈಗಷ್ಟೇ ಎದ್ದಿದ್ದಾರೆ, ಇಂದಿನ ಪರೀಕ್ಷೆಯನ್ನು ಪೂರ್ತಿ ನಂಬಬಾರದು. ಮೂರು ತಿಂಗಳಿಗೆ ಮತ್ತೆ ನೋಡೋಣ. ನಿಧಾನದ ಮರೆವೂ ಸ್ವಲ್ಪ ಇರಬಹುದು, ಇದ್ದರೆ ಅದಕ್ಕೂ ದಾರಿಗಳಿವೆ.

"ಗೇಟಿಗೆ ಬೀಗ?"

"ಯಾವ ಗೇಟ್ರಿ ಅಕ್ಕಾರ?"

"ಏನಿಲ್ಲ ಬಿಡವ್ವಾ."

ಮನೆಗೆ ಬಂದು ದೀಪ ಹಚ್ಚಿದೆ. ಎಣಿಕೆ ಉದ್ದವಾಯಿತು. ಕ್ಯಾಲೆಂಡರಿನ ಅಂಚು, ಪುಂಡಿಪಲ್ಯದ ದಿನ ನೆನಪಿದ್ದದ್ದು, ಬಟ್ಟಲಲ್ಲಿ ಬೆಳೆದ ಸೋಂಕಿಗೆ ಹೆದರುವ ಒಂದು ಔಷಧವಾದರೂ ಉಳಿದಿದ್ದದ್ದು, ಮೂರರಲ್ಲಿ ಎರಡು ಮಾತು. ಹಳೆಯ ಎಣಿಕೆಯಿಂದ ಡಬ್ಬಿಯನ್ನು ಮಾತ್ರ ತೆಗೆದುಹಾಕಿದೆ. ತೊಳೆದು ಬಿಸಿಲಿಗಿಟ್ಟಿದ್ದೇನೆ, ಬತ್ತಿ ಹೊಸೆದು ಇಡಲು ಬರುತ್ತದೆ.

ಅಷ್ಟರಲ್ಲಿ ನೆರೆಮನೆಯಾಕೆ, ಒಣಗಿದ ಮೇಲೆ ಸುರುಳಿ ಸುತ್ತಿ ಎತ್ತಿಟ್ಟಿದ್ದ ಧೋತರವನ್ನು ತಂದಳು. ಸಂಡಿಗೆ ಒಣಗಿ ಬಟ್ಟೆಗೆ ಅಂಟಿಕೊಂಡಿದ್ದವು. ಬಿಡಿಸಲು ಹೋದರೆ ತನ್ನ ಕೈಯಲ್ಲಿ ಮುರಿಯುತ್ತವೆ ಎಂದು ಹಾಗೇ ಬಿಟ್ಟಿದ್ದಳು. ಪಡಸಾಲೆಯಲ್ಲಿ ಬಿಚ್ಚಿ ಹಾಸಿದೆವು. ನನ್ನ ಆರು ಸಾಲು ಮುಗಿದ ಮೇಲೆ ಅವಳ ಸಂಡಿಗೆಗಳು, ಒಂದೊಂದೂ ಅಂಗೈಯಗಲ.

ಅತ್ತೆ ಮಂಚದ ಮೇಲಿಂದ ಬಗ್ಗಿ ನೋಡಿದರು. "ಇವೇನು ಸಂಡಿಗೋ ಸೆಗಣಿ ಕುಳ್ಳೋ?"

"ನಾ ಹಾಕೀನಿ ಅಮ್ಮಾ. ಜಲ್ದಿ ಮುಗೀಲಿ ಅಂತ ದೊಡ್ಡು ಹಾಕಿದೆ."

"ನೀ ಹಾಕಿದ್ಯಾ? ಹಂಗಾರ ಚಲೋ ಅದಾವ ತಗಿ. ಒಂದು ಕರದ್ರ ಒಬ್ಬರ ಹೊಟ್ಟಿ ತುಂಬತೈತಿ." ನನ್ನ ಕಡೆ ತಿರುಗಿದರು. "ನಿನ್ನವು ಯಾವ ಕಡಿಯವು?"

"ಈ ಆರು ಸಾಲು ಅತ್ತಿ."

"ಗೊತ್ತಾತು. ಸಾಲು ಸೊಟ್ಟ ಅದಾವ."

"ಮುಂದಿನ ಸರ್ತಿ ನೀವ ಹಾಕ್ರಿ, ನಾ ಕುಂತು ಹೆಸರಿಡತೀನಿ."

"ಹೆಸರಿಡಾಕ..." ಎಂದು ಶುರು ಮಾಡಿ ಒಂದು ಕ್ಷಣ ತಡೆದರು. ನಾನು ಅವರ ಬಾಯನ್ನೇ ನೋಡಿದೆ. 

"...ಕೈ ಪಳಗಬೇಕು ಬೇ. ನಿನಗಿನ್ನಾ ವಯಸ್ಸಾಗಿಲ್ಲ."

ನಾನು ಧೋತರವನ್ನು ಮಗುಚಿ ಹಾಕಿ, ಬೆನ್ನ ಕಡೆಯಿಂದ ನೀರು ಚಿಮುಕಿಸಿ, ಒಂದೊಂದೇ ಸಂಡಿಗೆ ಬಿಡಿಸತೊಡಗಿದೆ.